ಪಾವೆಲ್‌ನ ಸೀಸದ ಕೊಟ್ಟಿಗೆ

ಆಗ್ಡೆನ್ ಯೂನಿಯನ್ ಸ್ಟೇಷನ್ನಿಗೆ ದೂರದ ರೈಲುಗಳು ಬರುವುದು ನಿಂತು ಎಷ್ಟೋ ಕಾಲವಾಗಿದೆ. ಪೂರ್ವ ಪಶ್ಚಿಮ ಅಮೆರಿಕಗಳನ್ನು ಜೋಡಿಸಿದ ಹಳಿಗಳ ಮೇಲೆ ಮೆರೆದ ಈ ಜಂಕ್ಷನ್ನಿನ ಕಟ್ಟಡದಲ್ಲಿ ಈಗ ಇರುವುದು ವಸ್ತುಸಂಗ್ರಹಾಲಯಗಳು. ಅವುಗಳಲ್ಲೊಂದು ಜಾನ್ ಮೋಸೆಸ್ ಬ್ರೌನಿಂಗ್‌ನ ಬಂದೂಕುಗಳದ್ದು. 1855ರಲ್ಲಿ ಇದೇ ಊರಲ್ಲಿ ಹುಟ್ಟಿದ ಈ ಮನುಷ್ಯನ ಹೆಸರಿನಲ್ಲಿ 128 ಪೇಟೆಂಟುಗಳಿವೆ. ಅಪ್ಪನೂ ಬಂದೂಕು ಮಾಡುವವನೇ; ಮಾರ್ಮನ್ ಪಂಥದವನು, ಮೂವರು ಹೆಂಡಿರು, ಇಪ್ಪತ್ತೆರಡು ಮಕ್ಕಳು. ನನ್ನ ಹೆಂಡತಿ ಇದನ್ನು ಕೇಳಿ, “ಆ ಮನೆಯಲ್ಲಿ ಬಂದೂಕಿನ ಸದ್ದು ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ ಬಿಡಿ” ಎಂದಳು.

ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆಯಿಂದ ಹೊರಟ ನಮಗೆ ಯೆಲ್ಲೋಸ್ಟೋನ್ ನೋಡುವ ಆಸೆ. ಕಾರು ಓಡಿಸುವ ಅಳಿಯನಿಗೆ ಬೇರೆಯೇ ಆಸೆ. ಅವನಿಗೆ ಲೀವರ್ ಬಂದೂಕಿನ ಹುಚ್ಚು. ಕೌಬಾಯ್ ಸಿನಿಮಾಗಳಲ್ಲಿ ಕುದುರೆಯ ಮೇಲೆ ಕೂತವನು ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲೆಳೆದು ಪಟಪಟನೆ ಹೊಡೆಯುತ್ತಾನಲ್ಲ, ಅದೇ ಬಂದೂಕು. ಬಳೆ ಕೆಳಗಿಳಿದಾಗ ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ, ಮೇಲೆ ಬಂದಾಗ ಹೊಸತು ಒಳಗೆ ಕೂರುತ್ತದೆ. ನಾನು ಚಿಕ್ಕವನಿದ್ದಾಗ ತೀರ್ಥಹಳ್ಳಿ ಕಡೆಯ ಅಡಕೆ ತೋಟಗಳಲ್ಲಿ ಕಂಡದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಸಲಾಕೆಯಿಂದ ಜಡಿದು, ಕೊನೆಗೆ ಕೇಪು ಇಟ್ಟು ಗುರಿ ಹಿಡಿಯುವಷ್ಟರಲ್ಲಿ ಮಂಗಗಳು ಪಕ್ಕದ ತೋಟಕ್ಕೆ ಹೋಗಿ ಊಟ ಮುಗಿಸುತ್ತಿದ್ದವು.

ವಿಂಚೆಸ್ಟರ್ ಕಂಪನಿಯ ಟಿ. ಜಿ. ಬೆನೆಟ್ 1883ರಲ್ಲಿ ಕನೆಕ್ಟಿಕಟ್‌ನಿಂದ ಅಷ್ಟು ದೂರ ರೈಲಿನಲ್ಲಿ ಆಗ್ಡೆನ್‌ಗೆ ಬಂದು ಬ್ರೌನಿಂಗ್‌ನ ಒಂಟಿ ತೋಟಾದ ಬಂದೂಕಿನ ಹಕ್ಕನ್ನು 8,000 ಡಾಲರಿಗೆ ಕೊಂಡ. ಆಮೇಲೆ ಒಂದರ ಹಿಂದೊಂದು ಲೀವರ್ ಬಂದೂಕುಗಳು ಈ ಗುಡ್ಡದ ಬುಡದ ಊರಿಂದ ಹೊರಟವು: 1886ರದ್ದು, 1892ರದ್ದು, 1894ರದ್ದು. 1892ರ ಬಂದೂಕನ್ನು ಮೂವತ್ತು ದಿನದೊಳಗೆ ಮಾಡಿ ಕೊಡುತ್ತೇನೆ, ತಪ್ಪಿದರೆ ಪುಕ್ಕಟೆ ಎಂದು ಬ್ರೌನಿಂಗ್ ಪಂಥ ಕಟ್ಟಿದ್ದನೆಂಬ ಕಥೆಯನ್ನು ಇಲ್ಲಿ ಸಂಭ್ರಮದಿಂದ ಹೇಳುತ್ತಾರೆ. 1894ರ ಬಂದೂಕಂತೂ ಎಪ್ಪತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು.

ಯೆಲ್ಲೋಸ್ಟೋನ್ ಬಗ್ಗೆ ನೂರು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಕುದಿಯುವ ಕೆಸರು, ಗಂಧಕದ ವಾಸನೆ, ರಸ್ತೆ ಮಧ್ಯೆ ಮೆಲುಕು ಹಾಕುತ್ತ ನಿಂತ ಕಾಡೆಮ್ಮೆ, ಅದರ ಹಿಂದೆ ಮೈಲುದ್ದ ನಿಂತ ಕಾರುಗಳು. ಯಾರೂ ಹಾರನ್ ಹೊಡೆಯಲಿಲ್ಲ ಎಂಬುದಷ್ಟೇ ನನಗೆ ಅಚ್ಚರಿ. ಪೂರ್ವದ ಬಾಗಿಲಿನಿಂದ ಹೊರಬಿದ್ದರೆ ಸುಮಾರು ಎಂಬತ್ತು ಕಿಲೋಮೀಟರು ನದಿಯ ಪಕ್ಕದ ದಾರಿ. ಕೆಂಪು ಕಂದು ಬಂಡೆಗಳು ಗೋಪುರ ಕಟ್ಟಿ ನಿಂತಿವೆ. ದಾರಿ ಮುಗಿಯುವಲ್ಲಿ ಕೋಡಿ.

ಕೋಡಿ ಊರನ್ನು ಕಟ್ಟಿದ್ದು ಬಫಲೋ ಬಿಲ್. ಬಯಲು ಸೀಮೆಯ ಬದುಕನ್ನು ಸರ್ಕಸ್ ಮಾಡಿ ಜಗತ್ತಿಗೆ ತೋರಿಸಿದವನು. ಅವನ ಹೆಸರಿನ ಕೇಂದ್ರದಲ್ಲಿ ಒಂದೇ ಸೂರಿನಡಿ ಐದು ಮ್ಯೂಸಿಯಂ. ಬಂದೂಕಿನ ವಿಭಾಗವೊಂದಕ್ಕೇ ಇಡೀ ದಿನ ಸಾಲದು. ನ್ಯೂ ಹೇವನ್‌ನಲ್ಲಿದ್ದ ವಿಂಚೆಸ್ಟರ್ ಕಂಪನಿಯ ಸ್ವಂತ ಸಂಗ್ರಹ 1970ರ ದಶಕದಲ್ಲಿ ಇಲ್ಲಿಗೆ ಬಂತು. ಜೊತೆಗೆ ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕಗಳೂ. ಅಜ್ಜನ ಕಾಲದ ಬಂದೂಕು ಅಟ್ಟದ ಮೇಲೆ ಸಿಕ್ಕಿದವರು ಅದರ ಸಂಖ್ಯೆ ಹೇಳಿ ವಿಚಾರಿಸಿದರೆ, ದಾಖಲೆ ಉಳಿದಿದ್ದಲ್ಲಿ, ಅದು ಎಂದು ಕಾರ್ಖಾನೆಯಿಂದ ಹೊರಬಿತ್ತು ಎಂದು ಹುಡುಕಿ ಪತ್ರ ಕೊಡುತ್ತಾರೆ. ನಮ್ಮ ಕಡೆ ಬಂದೂಕಿನ ಸಂಖ್ಯೆ ಸರಿಯಾಗಿ ಗೊತ್ತಿರುವುದು ಪೊಲೀಸ್ ಠಾಣೆಗೆ ಮಾತ್ರ. ಪ್ರತಿ ಚುನಾವಣೆಗೂ ಮಲೆನಾಡಿನ ರೈತರು ಕೋವಿ ಹೊತ್ತು ಠಾಣೆಗೆ ಹೋಗಿ ಒಪ್ಪಿಸಿ, ಮತ ಎಣಿಕೆ ಮುಗಿದ ಮೇಲೆ ಮತ್ತೆ ಸಾಲಿನಲ್ಲಿ ನಿಂತು ಬಿಡಿಸಿಕೊಂಡು ಬರುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿ ಉಂಟು, ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ ಎಂದೆಲ್ಲ ಮ್ಯೂಸಿಯಂನ ಕಾವಲಿನವನಿಗೆ ಹೇಳಿದೆ. ಅವನಿಗೆ ವಿನಾಯಿತಿಯ ಮಾತು ರುಚಿಸಲಿಲ್ಲ, ಹೂವಿನ ಮಾತು ಕೇಳಿ ಕಣ್ಣರಳಿಸಿದ.

ಒಂದು ಗಾಜಿನ ಪೆಟ್ಟಿಗೆಯ ಮುಂದೆ ಅಳಿಯ ನನ್ನನ್ನು ತಡೆದು ನಿಲ್ಲಿಸಿದ. 1860ರ ಹೆನ್ರಿ, 1866ರ ಹಳದಿ ಲೋಹದ ವಿಂಚೆಸ್ಟರ್, 1873ರದ್ದು, ಮೂರೂ ಅಕ್ಕಪಕ್ಕ. “ನೋಡಿ ಮಾವ, ಮೊದಲಿನ ಎರಡರ ತೋಟಾದಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನ ಮಡಿಕೆಯೊಳಗೆ. ಒಮ್ಮೆ ಹೊಡೆದರೆ ಆ ಅಂಚು ಜಜ್ಜಿಹೋಗುತ್ತದೆ, ಮತ್ತೆ ತುಂಬಿಸುವ ಹಾಗಿಲ್ಲ. 1873ರದ್ದರಲ್ಲಿ ಕೇಪು ತಳದ ನಟ್ಟನಡುವೆ ಕೂತಿದೆ. ಹಳೆಯದನ್ನು ಕಿತ್ತು ಹೊಸದು ಕೂರಿಸಿದರೆ ಅದೇ ಹಿತ್ತಾಳೆ ಮತ್ತೆ ಬಳಕೆಗೆ ಬರುತ್ತದೆ.” ಅಂಗಡಿ ವಾರದ ದಾರಿಯಲ್ಲಿದ್ದ ಕಾಲದಲ್ಲಿ ಇದೇನು ಸಣ್ಣ ಸಂಗತಿಯೇ? ಹಾಗಾಗಿ ಕಂಪನಿ ಬಂದೂಕಿನ ಜೊತೆ ಗುಂಡು ಎರೆಯುವ ಅಚ್ಚನ್ನೂ ತೋಟಾ ತುಂಬುವ ಉಪಕರಣವನ್ನೂ ಮಾರತೊಡಗಿತು. ಪೆಟ್ಟಿಗೆಯ ಮೂಲೆಯಲ್ಲಿ ಅಂಥದೊಂದು ಉಪಕರಣ ಬಿದ್ದಿತ್ತು. ನನ್ನ ಹೆಂಡತಿ ಗಾಜಿಗೆ ಮೂಗು ತಾಗಿಸಿ ನೋಡಿದಳು. ಎರಡು ಹಿಡಿ, ಒಂದು ಕೀಲು, ನಡುವೆ ಹಲ್ಲು: ಥೇಟ್ ಅವಳ ಅಜ್ಜಿಯ ಅಡಕತ್ತರಿ. ದನ ಮೇಯಿಸುವವನು ಸಂಜೆ ಬೆಂಕಿಯ ಬಳಿ ಕೂತು, ಸೀಸ ಕರಗಿಸಿ, ಗುಂಡು ಎರೆದು, ಇದರಲ್ಲಿ ಅದುಮಿ ಮರುದಿನದ ತೋಟಾ ತಯಾರು ಮಾಡಿಕೊಳ್ಳುತ್ತಿದ್ದ.

ಕೋಡಿಯಲ್ಲಿ ಊಟದ ಪಾಡು ಬೇರೆ. ಒಂದು ಹೋಟೆಲಿನಲ್ಲಿ ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದರೆ ಹುಡುಗಿ ಬಹಳ ಯೋಚಿಸಿ, “ಬೀನ್ಸ್” ಎಂದಳು. ಬಂತು. ಚಮಚ ಹಾಕಿದರೆ ಒಳಗೆ ಹಂದಿಯ ತುಂಡು. ಅದು ಮಾಂಸವಲ್ಲ, ರುಚಿಗೆ ಹಾಕಿದ್ದು ಎಂದು ಅವಳು ನಿಜವಾದ ನೋವಿನಿಂದ ವಿವರಿಸಿದಳು. ರೂಮಿಗೆ ಬಂದು ಅವಲಕ್ಕಿಗೆ ಮೊಸರು ಕಲಸಿ, ಬೆಳ್ಳುಳ್ಳಿ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಈ ಚಟ್ನಿಪುಡಿ ಡಬ್ಬಿ ಮುಂದೆಯೂ ಬರುತ್ತದೆ.

ಮರುದಿನ ಪಾವೆಲ್ ಎಂಬ ಊರಿನ ಕಡೆಗೆ ಹೊರಡುತ್ತೇವೆ. ಎಡಕ್ಕೆ ಹಾರ್ಟ್ ಮೌಂಟನ್ ಎಂಬ ಒಂಟಿ ಬೆಟ್ಟ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ್ದೇ ಜಪಾನೀ ಮೂಲದ ನಾಗರಿಕರನ್ನು ಮನೆ ಮಠ ಬಿಡಿಸಿ ತಂದು ಮುಳ್ಳುತಂತಿಯೊಳಗೆ ಇಟ್ಟಿದ್ದು ಇದರ ತಪ್ಪಲಲ್ಲಿ. ಗಾಳಿಗೆ ಕಾರಿನ ಬಾಗಿಲು ಕಿತ್ತುಹೋಗುವಂತಿದೆ. ಆಮೇಲೆ ಒಮ್ಮೆಲೇ ಹಸಿರು: ನೀರಾವರಿ ಕಾಲುವೆ, ಬಾರ್ಲಿ, ಸಕ್ಕರೆ ಬೀಟಿನ ಗದ್ದೆಗಳು. ಮಂಡ್ಯದ ಕಬ್ಬು ನೋಡಿದ ಕಣ್ಣಿಗೆ, ಸಕ್ಕರೆ ಮಣ್ಣಿನೊಳಗೆ ಗೆಡ್ಡೆಯಾಗಿ ಬೆಳೆಯುತ್ತದೆ ಎಂಬುದನ್ನು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಸೀಸ ಕರಗಿಸಿ ಗುಂಡು ಎರೆಯುವುದನ್ನು ತೋರಿಸಲು ನಮ್ಮನ್ನು ಕರೆದಿದ್ದು ಅಳಿಯನ ಗೆಳೆಯನ ತಂದೆ, ಬೀಟು ಬೆಳೆದು ಬೆಳೆದು ಈಗ ಹೊಲ ಮಗನಿಗೆ ಬಿಟ್ಟುಕೊಟ್ಟ ಅಜ್ಜ. ಕೈ ಕುಲುಕಿದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ: “ನಿಮ್ಮದು ಯಾವ ವೀಸಾ?” ವಿಮಾನ ನಿಲ್ದಾಣದ ಹೊರಗೆ ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಪ್ರವಾಸಿ ವೀಸಾದಲ್ಲಿ ಬಂದವನು, ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಇಲ್ಲದಿದ್ದರೆ, ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಮದ್ದುಗುಂಡೂ ಇಟ್ಟುಕೊಳ್ಳುವ ಹಾಗಿಲ್ಲ. ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ. ಬರಿಯ ಸೀಸದ ಗುಂಡು, ಖಾಲಿ ಹಿತ್ತಾಳೆ ಕೇಸು, ಕೇಪು, ಮದ್ದು ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತದೆ. “ನಿಮ್ಮ ಅಳಿಯ ಗ್ರೀನ್ ಕಾರ್ಡಿನವನು, ಅವನು ಹೊಡೆಯಬಹುದು. ನೀವು ಕಣ್ಣಿಂದ ನೋಡಿ” ಎಂದರು. ಬಂದೂಕಿನ ದೇಶ ಎಂದು ಕೇಳಿಕೊಂಡು ಬಂದ ನನಗೆ, ಹಳ್ಳಿಯ ಮುದುಕರೊಬ್ಬರು ಕಾನೂನಿನ ಉಪವಿಧಿ ಒಪ್ಪಿಸುತ್ತ ನನ್ನ ಕೈ ಕಟ್ಟಿದ್ದು ತಮಾಷೆಯಾಗಿಯೂ ಕಂಡಿತು, ಗೌರವವೂ ಬಂತು.

ಅಜ್ಜ ಗುಂಡು ಎರೆಯುವ ಕೊಟ್ಟಿಗೆಯ ಎರಡೂ ಬದಿಯ ಬಾಗಿಲು ತೆರೆದೇ ಇವೆ. ಸೀಸದ ಹೊಗೆ, ಧೂಳು ಒಳಗೆ ನಿಲ್ಲಬಾರದು. ಒಳಗೆ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಕೆಲಸ ಮುಗಿಸಿ ಕೈ ತೊಳೆಯದೆ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಮೊಮ್ಮಕ್ಕಳಿಗೆ ಕೊಟ್ಟಿಗೆಯ ಹೊಸ್ತಿಲೇ ಗಡಿ. ನನ್ನ ಹೆಂಡತಿಯ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅಜ್ಜ ಹಾವನ್ನು ಕಂಡವರಂತೆ ಹೊರಗೆ ಇಡಿಸಿದರು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೆ ಕ್ಷಣದಲ್ಲಿ ಹಬೆಯಾಗಿ ಉಬ್ಬಿ ಇಡೀ ಪಾತ್ರೆಯನ್ನು ಮುಖಕ್ಕೆ ಎರಚುತ್ತದೆ. ಹಣೆಯ ಬೆವರ ಹನಿಯೂ ಅಷ್ಟೇ ಅಪಾಯ. ಕನ್ನಡಕ, ಚರ್ಮದ ಏಪ್ರನ್, ಪೂರ್ತಿ ತೋಳಿನ ಅಂಗಿ, ಬೂಟು. ಜುಲೈ ಬಿಸಿಲಲ್ಲಿ!

ಮೂಲೆಯಲ್ಲಿ ಡಬ್ಬಿಗಳ ಸಾಲು. ಒಂದರಲ್ಲಿ ಕಾರಿನ ಚಕ್ರದ ಅಂಚಿಗೆ ಸಿಕ್ಕಿಸುವ ತೂಕದ ತುಂಡುಗಳು. ಮೊದಲು ಟೈರ್ ಅಂಗಡಿಗೆ ಹೋದರೆ ಬಕೆಟ್‌ಗಟ್ಟಲೆ ಸಿಗುತ್ತಿತ್ತಂತೆ. ಈಗ ಹಲವು ರಾಜ್ಯಗಳಲ್ಲಿ ಸೀಸದವಕ್ಕೆ ನಿಷೇಧ, ಸತುವು ಮತ್ತು ಉಕ್ಕಿನವು ಬಂದಿವೆ. ಸತುವಿನ ತುಂಡು ಕಣ್ತಪ್ಪಿ ಕರಗಿ ಬೆರೆತರೆ ಪಾತ್ರೆಯ ಸೀಸವೆಲ್ಲ ಗಂಜಿಯಾಗುತ್ತದೆ. ಆದರೆ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿಗೆ, ಸತುವು 419ಕ್ಕೆ. ಉರಿ ಹದದಲ್ಲಿ ಇಟ್ಟರೆ ಸತುವು ಕರಗದೆ ಮೇಲೆ ತೇಲುತ್ತದೆ, ಚಿಮಟದಿಂದ ಎತ್ತಿ ಎಸೆದರಾಯಿತು. ಇನ್ನೊಂದು ಡಬ್ಬಿಯಲ್ಲಿ ಹಳೆಯ ಮನೆಯ ಮಾಡಿನ ಸೀಸದ ತಗಡು. ಅದು ಹೆಚ್ಚುಕಮ್ಮಿ ಶುದ್ಧ ಸೀಸ, ಉಗುರಿನಿಂದ ಗೀರಬಹುದು, ಸಿಮೆಂಟಿನ ಮೇಲೆ ಬೀಳಿಸಿದರೆ ದೊಪ್ಪೆನ್ನುತ್ತದೆ. ಬೆರಕೆ ಸೀಸ ಟಣ್ ಎನ್ನುತ್ತದೆ. ಎಷ್ಟು ಗಟ್ಟಿ ಎಂದು ತಿಳಿಯಲು ಅಜ್ಜನ ಬಳಿ ಚಿತ್ರಕಾರರ ಪೆನ್ಸಿಲ್ ಪೆಟ್ಟಿಗೆ ಇದೆ. ಮೆತ್ತನೆಯ ಪೆನ್ಸಿಲ್ಲಿಂದ ಶುರುಮಾಡಿ ಗಟ್ಟಿಯದರವರೆಗೆ ಒಂದೊಂದನ್ನೇ ತಳ್ಳಿ ನೋಡುತ್ತಾರೆ. ಯಾವುದು ಮೊದಲು ಸೀಸವನ್ನು ಕೆತ್ತುತ್ತದೋ ಅದೇ ಅಳತೆ.

ಮೂರನೆಯ ಡಬ್ಬಿಗೆ ಅವರು ಕೈ ಹಾಕಿದಾಗ ನನ್ನ ಎದೆ ಝಲ್ಲೆಂದಿತು. ಬೆರಳುದ್ದದ ಲೋಹದ ಪಟ್ಟಿಗಳು, ಪ್ರತಿಯೊಂದರ ಅಂಚಿನಲ್ಲಿ ಉಬ್ಬಿದ ಅಕ್ಷರಗಳು. ಲೈನೋಟೈಪ್! ಓಟ್ಮಾರ್ ಮರ್ಗೆಂಥೇಲರ್‌ನ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮೊದಲು ಕೆಲಸ ಮಾಡಿದಂದಿನಿಂದ ಸುಮಾರು ನೂರು ವರ್ಷ ಜಗತ್ತಿನ ಎಷ್ಟೋ ಸುದ್ದಿ ಹೀಗೆ ಸಾಲುಸಾಲಾಗಿ ಎರಕವಾಗಿ ಬಂತು. ನೂರಕ್ಕೆ ಸುಮಾರು 84 ಪಾಲು ಸೀಸ, 12 ಆಂಟಿಮನಿ, 4 ತವರ. ತವರ ಇದ್ದರೆ ಲೋಹ ತೆಳುವಾಗಿ ಹರಿದು ಅಚ್ಚಿನ ಮೂಲೆಮೂಲೆ ತುಂಬುತ್ತದೆ. ಆಂಟಿಮನಿ ಗಟ್ಟಿತನ ಕೊಡುತ್ತದೆ, ಆರುವಾಗ ಕುಗ್ಗದಂತೆ ನೋಡಿಕೊಳ್ಳುತ್ತದೆ. ಅಕ್ಷರದ ಅಂಚು ಚೂಪಾಗಿ ಬರಲು ಏನು ಬೇಕೋ ಗುಂಡಿನ ಅಂಚು ಚೂಪಾಗಿ ಬರಲೂ ಅದೇ ಬೇಕು. ಊರೂರಿನ ಪತ್ರಿಕೆಗಳು ಆಫ್‌ಸೆಟ್‌ಗೆ ಬದಲಾದಾಗ ಈ ಸಾಲುಗಳನ್ನು ತೂಕಕ್ಕೆ ಕೊಂಡವರಲ್ಲಿ ಗುಂಡು ಎರೆಯುವವರೂ ಇದ್ದರು.

ನಾನು ಶಾಲೆಯ ರಜೆಗಳಲ್ಲಿ ಊರಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಬೆಳೆದವನು. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ವರದಿ. ಸವೆದ ಅಚ್ಚುಮೊಳೆಗಳನ್ನು ಗೋಣಿಗೆ ತುಂಬಿ ಫೌಂಡ್ರಿಗೆ ಕಳಿಸಿದರೆ ಕರಗಿ ಹೊಸ ಮೊಳೆಯಾಗಿ ಬರುತ್ತಿತ್ತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹಿಡಿದು ನಮ್ಮೂರಿನ ಟ್ರೆಡಲ್ ಮಿಶನ್ನಿನವರೆಗೆ, ಕಿಟ್ಟೆಲರ 1894ರ ನಿಘಂಟಿನಿಂದ ಹಿಡಿದು ಸತ್ಯನಾರಾಯಣ ಪೂಜೆಯ ಆಮಂತ್ರಣದವರೆಗೆ, ಮೊಳೆ ಜೋಡಿಸಿ ಅಚ್ಚಾದ ಕನ್ನಡಕ್ಕೆಲ್ಲ ಇದೇ ಜಾತಿಯ ಲೋಹ. ಅಜ್ಜ ಒಂದು ಸಾಲನ್ನು ಪಾತ್ರೆಯ ಮೇಲೆ ಹಿಡಿದಾಗ “ತಡೆಯಿರಿ” ಎಂದು ಕೂಗಿಯೇಬಿಟ್ಟೆ. ತಲೆಕೆಳಗು ಹಿಡಿಯಲು ಹೇಳಿ, ಎಡದಿಂದ ಬಲಕ್ಕೆ ಓದಿದೆ. ಹುಲ್ಲಿನ ಪೆಂಡಿ ಕಟ್ಟುವ ಯಂತ್ರ ಮಾರಾಟಕ್ಕಿದೆ, ಸುಸ್ಥಿತಿಯಲ್ಲಿದೆ. ಇಷ್ಟು ವರ್ಷ ಈ ಡಬ್ಬಿ ಬರಿದು ಮಾಡುತ್ತ ಬಂದ ಅಜ್ಜನಿಗೆ ಇದನ್ನು ಓದಲಿಕ್ಕೆ ಬರುತ್ತದೆ ಎಂಬುದೇ ಹೊಸ ಸುದ್ದಿ. ಆ ಸಾಲನ್ನು ಪಕ್ಕಕ್ಕೆ ಇಟ್ಟರು.

ಎರಕ ಶುರುವಾಗುತ್ತದೆ. ವಿದ್ಯುತ್ ಕುಲುಮೆಯ ಮುಳ್ಳು 370 ಡಿಗ್ರಿಯ ಆಸುಪಾಸಿಗೆ ಬಂದಾಗ ಅಜ್ಜ ಬಟಾಣಿ ಗಾತ್ರದ ಜೇನುಮೇಣ ಹಾಕುತ್ತಾರೆ. ಹೊಗೆ ಎದ್ದು ಭಗ್ಗನೆ ಹತ್ತಿಕೊಳ್ಳುತ್ತದೆ. ಕಲಕಿದರೆ ಬೂದು ಬಣ್ಣದ ಕಿಟ್ಟ ಮೇಲೆ ಬಂದು, ಅದನ್ನು ಬಳಿದು ತೆಗೆದ ಕೂಡಲೇ ಕೆಳಗಿನ ಲೋಹ ಕನ್ನಡಿಯಾಗಿ ನಿಲ್ಲುತ್ತದೆ. ಕೊಟ್ಟಿಗೆಯ ಜಂತಿ ಅದರಲ್ಲಿ ಕಾಣಿಸಿತು. ಅಚ್ಚು ಎಂದರೆ ಇಕ್ಕಳದ ತುದಿಗೆ ಸಿಕ್ಕಿಸಿದ ಎರಡು ಲೋಹದ ಗಟ್ಟಿಗಳು; ಮುಚ್ಚಿದಾಗ ನಡುವೆ ಗುಂಡಿನ ಆಕಾರದ ಟೊಳ್ಳು, ತಲೆಯ ಮೇಲೆ ತೂತಿನ ತಗಡು. ತೂತಿಗೆ ಸೀಸ ಬಿಟ್ಟು, ಮೇಲೆ ನಿಂತ ಗುಬ್ಬೆ ಮಂಜಾಗುವವರೆಗೆ ಕಾದು, ಮರದ ಕೋಲಿನಿಂದ ತಗಡಿಗೆ ಟಕ್ ಎಂದು ತಟ್ಟುತ್ತಾರೆ. ಗುಬ್ಬೆ ಕತ್ತರಿಸಿ ಬೀಳುತ್ತದೆ. ಅಚ್ಚು ಬಿಚ್ಚಿದರೆ ಮಡಚಿದ ಟವೆಲಿನ ಮೇಲೆ ಗುಂಡು. ಮೊದಲ ಕೆಲವು ಸುಕ್ಕುಸುಕ್ಕು, ಅಚ್ಚು ಇನ್ನೂ ತಣ್ಣಗಿದೆ. ಆಮೇಲೆ ಬಂದವು ನುಣ್ಣಗೆ ಬೆಳ್ಳಗೆ. ಅಚ್ಚು ಹೆಚ್ಚು ಕಾದಾಗ ಮೈ ಮೇಲೆ ಇಬ್ಬನಿ ಕವಿದ ಮಂಕು. ಕೆಟ್ಟವು ಮತ್ತೆ ಪಾತ್ರೆಗೆ. ಮುಟ್ಟುವ ಹಾಗಿಲ್ಲವಾದ್ದರಿಂದ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತೇನೆ. ಸೊಂಟದ ಸುತ್ತ ಎರಡು ಗೆರೆ ಕೊರೆದಿದೆ. ಒಂದು ಜೇನುಮೇಣ ಕೊಬ್ಬು ಬೆರೆಸಿದ ಜಿಡ್ಡು ತುಂಬಲು, ಇನ್ನೊಂದು ಹಿತ್ತಾಳೆಯ ಬಾಯನ್ನು ಒಳಕ್ಕೆ ಮಡಿಸಿ ಕಚ್ಚಿಸಲು. ತುದಿ ಮಾತ್ರ ಚೂಪಿಲ್ಲ, ಚಪ್ಪಟೆ.

ಚಪ್ಪಟೆ ಏಕೆ ಎಂದು ಕೇಳಿದೆ. ಈ ಬಂದೂಕಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂಗು ಮುಂದಿನದರ ಕೇಪಿಗೆ ತಾಗಿ ಕೂರುತ್ತದೆ. ಮೂಗು ಚೂಪಾಗಿದ್ದು ಬಂದೂಕು ಕುಲುಕಿದರೆ? ಅಜ್ಜ ಎರಡೂ ಕೈ ಅಗಲಿಸಿ ಸದ್ದಿಲ್ಲದ ಸ್ಫೋಟ ಮಾಡಿ ತೋರಿಸಿದರು.

ಈ ಗುಂಡುಗಳ ತೂಕ 105 ಗ್ರೇನ್, ನಮ್ಮ ಲೆಕ್ಕದಲ್ಲಿ ಏಳು ಗ್ರಾಮಿಗೆ ತುಸು ಕಡಿಮೆ. .38 ಸ್ಪೆಷಲ್ ಎಂಬ ಈ ಅಳತೆಯ ತೋಟಾಕ್ಕೆ ವಾಡಿಕೆಯ ಗುಂಡು 158 ಗ್ರೇನಿನದು. ಒಂದು ಪೌಂಡಿಗೆ 7,000 ಗ್ರೇನ್. ಹಾಗಾಗಿ ಒಂದು ಪೌಂಡ್ ಸೀಸದಲ್ಲಿ ಭಾರದ್ದು 44 ಬಂದರೆ ಹಗುರದ್ದು 66 ಬರುತ್ತದೆ. ಉಳಿತಾಯ ಅಷ್ಟೇ ಅಲ್ಲ. ಗುಂಡು ಹಗುರಾದಷ್ಟೂ ಹೆಗಲಿಗೆ ಒದೆತ ಕಡಿಮೆ, ಬಂದೂಕು ಗುರಿಯಿಂದ ಅಲುಗುವುದು ಕಡಿಮೆ, ಕೈ ಚುರುಕು. ಎಪ್ಪತ್ತು ದಾಟಿದ ಹೆಗಲು ಇದನ್ನು ಮೆಚ್ಚುತ್ತದೆ ಎಂದರು ಅಜ್ಜ.

ಆದರೆ ಹಗುರದ ಗುಂಡು ಗಿಡ್ಡ. ಗುಂಡು ಗಿಡ್ಡವಾದರೆ ತೋಟಾ ಗಿಡ್ಡ. 1873ರ ಮಾದರಿಯ ಬಂದೂಕಿಗೆ ಅದು ಆಗದು. ಅಜ್ಜನದು ಇಟಲಿಯಲ್ಲಿ ತಯಾರಾದ ಪ್ರತಿರೂಪ. ಪಕ್ಕದ ತಗಡು ಬಿಚ್ಚಿ ಒಳಗೆ ತೋರಿಸಿದರು. ಹಿತ್ತಾಳೆಯ ಒಂದು ಗಟ್ಟಿ, ಲಿಫ್ಟಿನ ಹಾಗೆ ಮೇಲೆ ಕೆಳಗೆ ಓಡಾಡುತ್ತದೆ. ಕೊಳವೆಯಿಂದ ಬಂದ ತೋಟಾ ಅದರೊಳಗೆ ಕೂರುತ್ತದೆ, ಲೀವರ್ ತಳ್ಳಿದಾಗ ಅದು ತೋಟಾವನ್ನು ನಳಿಗೆಯ ಮಟ್ಟಕ್ಕೆ ಎತ್ತುತ್ತದೆ. ತೋಟಾ ಸರಿಯಾದ ಉದ್ದ ಇದ್ದರೆ ಮುಂದಿನದನ್ನು ಬಾಗಿಲಲ್ಲೇ ತಡೆಯುತ್ತದೆ. ಗಿಡ್ಡವಾದರೆ ಮುಂದಿನದರ ತಳವೂ ಒಳಕ್ಕೆ ಇಣುಕುತ್ತದೆ. ಕೂದಲೆಳೆಯಷ್ಟು ಇಣುಕಿದರೆ ಗಟ್ಟಿಯ ಇಳಿಜಾರು ಅಂಚು ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚು ಇಣುಕಿದರೆ ಗಟ್ಟಿ ಮೇಲೇರದೆ ಬಂದೂಕು ಕಚ್ಚಿಕೊಂಡು ನಿಲ್ಲುತ್ತದೆ. ಪರಿಹಾರ ಇರುವುದು ಅಚ್ಚಿನಲ್ಲಿ: ತೂಕ ಕಡಿಮೆ ಮಾಡಿ, ಆದರೆ ಕಚ್ಚು ಗೆರೆಯನ್ನು ಆದಷ್ಟು ಕೆಳಕ್ಕೆ ಇಳಿಸಿ, ಮೂಗನ್ನು ಉದ್ದಕ್ಕೆ ಹೊರಗೆ ಚಾಚುವಂತೆ ಕೊರೆದ ಅಚ್ಚು. ಒಟ್ಟು ಉದ್ದ ಒಂದೂವರೆ ಅಂಗುಲದ ಆಸುಪಾಸಿಗೆ ಬರಬೇಕು. ಭಾರದ ಗುಂಡಿನಿಂದ ಸೀಸ ಕೆತ್ತಿ ತೆಗೆದರೆ ಹಗುರದ್ದಾಯಿತು ಎಂದುಕೊಳ್ಳುವವರಿಗೆ ಈ ಹಿತ್ತಾಳೆ ಗಟ್ಟಿ ತಕ್ಕ ಪಾಠ ಕಲಿಸುತ್ತದೆ.

ತುಂಬುವ ಮೇಜು ಇನ್ನೊಂದು ಕೋಣೆಯಲ್ಲಿ. ಸುಟ್ಟ ಕೇಸುಗಳು ಒಂದು ಡಬ್ಬಿಯಲ್ಲಿ ಅಕ್ರೋಟಿನ ಚಿಪ್ಪಿನ ಪುಡಿಯೊಂದಿಗೆ ಗಡಗಡ ಅಲುಗಾಡಿ ಮಿರಮಿರ ಹೊಳೆಯುತ್ತ ಬಂದಿವೆ. ಹಳೆಯ ಕೇಪು ಕಿತ್ತು, ಉಬ್ಬಿದ ಮೈಯನ್ನು ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಬಾಯನ್ನು ತುಸು ಅಗಲಿಸಿ, ಮದ್ದು, ಗುಂಡು, ಕಚ್ಚು. ಮದ್ದಿನ ಅಳತೆ ಮುದ್ರಿತ ಕೈಪಿಡಿಯಿಂದ ಮಾತ್ರ, ನಾಲಿಗೆಯ ಮಾತಿನಿಂದ ಅಲ್ಲ ಎಂದು ಅಜ್ಜ ಖಡಾಖಂಡಿತ. ಈ ಉದ್ದನೆಯ ಕೇಸು ಹುಟ್ಟಿದ್ದು ಹೊಗೆಯುಗುಳುವ ಕಪ್ಪು ಮದ್ದಿನ ಕಾಲದ ಅಳತೆಗೆ. ಈಗಿನ ಹೊಗೆಯಿಲ್ಲದ ಮದ್ದು ತಳದಲ್ಲಿ ಚಿಟಿಕೆಯಷ್ಟು ಮಾತ್ರ ಇರುತ್ತದೆ. ಆದ್ದರಿಂದ ಒಂದೇ ಕೇಸಿಗೆ ಎರಡು ಸಲ ಬಿದ್ದರೂ ತುಂಬಿ ಹೊರಚೆಲ್ಲುವುದಿಲ್ಲ, ಕಣ್ಣಿಗೆ ತಿಳಿಯುವುದಿಲ್ಲ; ಬಂದೂಕು ಮುಖದ ಮುಂದೆ ಬಿಚ್ಚಿಕೊಂಡಾಗ ತಿಳಿಯುತ್ತದೆ. ಅದಕ್ಕೆ ಪ್ರತಿ ಕೇಸಿನೊಳಕ್ಕೆ ಟಾರ್ಚು ಬಿಟ್ಟು ಇಣುಕುತ್ತಾರೆ. ರೇಡಿಯೊ ಇಲ್ಲ, ಫೋನಿಲ್ಲ, ಹರಟೆ ಇಲ್ಲ. ಹೆಂಡತಿ ಎರಡು ಸಲ ಕೆಮ್ಮಿದ್ದಕ್ಕೆ ಕೆಲಸ ನಿಂತಿತು.

ಶನಿವಾರ ಕೌಬಾಯ್ ಶೂಟಿಂಗ್ ಸ್ಪರ್ಧೆಯ ಮೈದಾನ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಹಗ್ಗದ ಈಚೆ ನೋಡುಗರು. ದಂತವೈದ್ಯರು, ಲಾರಿ ಚಾಲಕರು, ಒಬ್ಬ ಶಾಲಾ ಶಿಕ್ಷಕಿ, ಎಲ್ಲರೂ ಹತ್ತೊಂಬತ್ತನೆಯ ಶತಮಾನದ ವೇಷದಲ್ಲಿ. ಈ ಕೌಬಾಯ್ ಸ್ಪರ್ಧೆಗಳ ಸಂಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಅಡ್ಡಹೆಸರು ನೋಂದಣಿಯಾಗಿರುತ್ತದೆ, ಒಬ್ಬರದು ಇನ್ನೊಬ್ಬರಿಗಿಲ್ಲ. ಅಜ್ಜನ ನಿಜನಾಮ ಅಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತೇ ಇರಲಿಲ್ಲ. ಗುರಿ ಉಕ್ಕಿನ ಹಲಗೆಗಳು. ಗುಂಡು ಸೀಸದ್ದೇ ಇರಬೇಕು. ತಾಮ್ರದ ಹೊದಿಕೆಯದಾದರೆ ಉಕ್ಕಿಗೆ ಬಡಿದು ಚೂರುಗಳು ಹಿಂದಕ್ಕೆ ಹಾರುತ್ತವೆ, ಮೆತ್ತನೆ ಸೀಸ ಬಡಿದಲ್ಲೇ ಚಪ್ಪಟೆಯಾಗಿ ಚದುರುತ್ತದೆ. ವೇಗಕ್ಕೂ ಮಿತಿ ಉಂಟು: ರೈಫಲ್ಲಿನ ಗುಂಡು ಸೆಕೆಂಡಿಗೆ 1,400 ಅಡಿಯೊಳಗೇ ಇರಬೇಕು. ಟೈಮರ್ ಪೀಪ್ ಎನ್ನುತ್ತದೆ. ಹತ್ತು ತೋಟಾ, ಹತ್ತು ಟಣ್. ನಾನು ನಾಲ್ಕು ಎಣಿಸುವಷ್ಟರಲ್ಲಿ ಶಿಕ್ಷಕಿ ಮುಗಿಸಿದ್ದರು. ಅಳಿಯನ ಸರದಿಯಲ್ಲಿ ಟಣ್‌ಗಳ ನಡುವೆ ಬಹಳ ಮೌನವಿತ್ತು. ಆದರೂ ಬಂದೂಕು ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ ಎಂದು ಅಜ್ಜನಿಗೆ ತೃಪ್ತಿ.

ಎಲ್ಲೆಡೆ ಸೀಸಕ್ಕೆ ಇಂಥ ಸ್ವಾಗತವಿಲ್ಲ. ಬೇಟೆಯ ಕಳೇಬರ ತಿನ್ನುವ ಕಾಂಡೋರ್ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಈ ಮಾತು ತೆಗೆದಾಗ ಅಜ್ಜ ಜಗಳಕ್ಕೆ ಬರಲಿಲ್ಲ. ಹಲಗೆಗಳ ಬುಡದಲ್ಲಿ ಬಿದ್ದ ಸೀಸವನ್ನು ಕ್ಲಬ್ಬಿನವರು ಜರಡಿ ಹಿಡಿದು ತೆಗೆದು ಮತ್ತೆ ಕರಗಿಸುತ್ತಾರೆ ಎಂದಷ್ಟೇ ಹೇಳಿದರು. ಹದ್ದಿಗೆ ಅದು ಉತ್ತರವಾಗುವುದಿಲ್ಲ ಎಂದು ನನಗನ್ನಿಸಿತು, ಅವರಿಗೂ ಅನ್ನಿಸಿರಬೇಕು.

ಉತ್ತರಕ್ಕೆ ಗಡಿ ದಾಟಿದರೆ ಮೊಂಟಾನಾ. ಲಿಟಲ್ ಬಿಗ್‌ಹಾರ್ನ್ ನದಿಯ ಮೇಲಿನ ಹುಲ್ಲುಗುಡ್ಡಗಳಲ್ಲಿ 1876ರ ಜೂನ್ 25ರಂದು ಅಮೆರಿಕದ ಸೇನಾಧಿಕಾರಿ ಕಸ್ಟರನೂ ಅವನ ಜೊತೆಗಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯೂ ಮೂಲನಿವಾಸಿ ಲಕೋಟ, ಚೆಯೆನ್ ಯೋಧರ ಕೈಯಲ್ಲಿ ಸತ್ತರು. ಸರ್ಕಾರ ತನ್ನ ಸೈನಿಕರಿಗೆ ಕೊಟ್ಟಿದ್ದು ಒಂದೊಂದೇ ತೋಟಾ ಹಾಕುವ ಸ್ಪ್ರಿಂಗ್‌ಫೀಲ್ಡ್. ಎದುರಾಳಿಗಳಲ್ಲಿ ಬಹಳ ಜನರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್. ಇದು ಬರಿಯ ಬಾಯಿಮಾತಲ್ಲ. 1983ರ ಕಾಳ್ಗಿಚ್ಚು ಹುಲ್ಲನ್ನೆಲ್ಲ ಸುಟ್ಟು ನೆಲ ಬತ್ತಲಾದಾಗ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮೊದಲಾದ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಗುಡ್ಡವನ್ನು ಅಂಗುಲ ಅಂಗುಲ ಜಾಲಾಡಿದರು. ಸಿಕ್ಕ ಗುಂಡುಗಳ ಮೈಯ ಗೀರುಗಳನ್ನೂ ಕೇಸುಗಳ ತಳದಲ್ಲಿ ಸೂಜಿ ಚುಚ್ಚಿದ ಗುರುತನ್ನೂ ಪೊಲೀಸ್ ತನಿಖೆಯ ರೀತಿ ತಾಳೆ ನೋಡಿ, ಒಂದೇ ಬಂದೂಕು ಯುದ್ಧದ ನಡುವೆ ಈ ದಿಬ್ಬದಿಂದ ಆ ದಿಬ್ಬಕ್ಕೆ ಹೋದ ದಾರಿಯನ್ನು ಗುರುತಿಸಿದರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದದ್ದು ನೆನಪಾಯಿತು. ಅವನ್ನು ಶಿವಮೊಗ್ಗದ ಮ್ಯೂಸಿಯಂನಲ್ಲಿ ಕಂಡಿದ್ದೇನೆ. ಬಾವಿಯಲ್ಲಿ ರಾಶಿ ಬಿದ್ದದ್ದು ಒಂದು ಬಗೆ. ಇಲ್ಲಿ ಒಂದೊಂದು ಗುಂಡೂ ತಾನು ಬಿದ್ದ ಜಾಗದಿಂದಲೇ ಸಾಕ್ಷಿ ನುಡಿದಿದೆ.

ಗುಡ್ಡದ ತುಂಬ ಸೈನಿಕರು ಬಿದ್ದಲ್ಲೆಲ್ಲ ಬಿಳಿ ಅಮೃತಶಿಲೆ. ಯೋಧರಿಗೆ ಕೆಂಪು ಗ್ರಾನೈಟ್ ಕಲ್ಲುಗಳನ್ನು ನೆಡಲು ಆರಂಭಿಸಿದ್ದು 1999ರಲ್ಲಿ. 1991ರವರೆಗೆ ಜಾಗದ ಹೆಸರೂ ಸೋತವನದ್ದೇ ಇತ್ತು. ದಾರಿಯಲ್ಲಿ ಹಾವಿನ ಎಚ್ಚರಿಕೆಯ ಹಲಗೆ ಓದಿದ ಮೇಲೆ ನನ್ನ ಹೆಂಡತಿ ಕಾರಿನಿಂದ ಇಳಿಯಲಿಲ್ಲ.

ಹೊರಡುವ ಮುನ್ನ ಅಜ್ಜ ನನಗೊಂದು ನೆನಪಿನ ಕಾಣಿಕೆ ಕೊಟ್ಟಿದ್ದರು. ಗುಂಡು ಕೊಡುವ ಹಾಗಿಲ್ಲವಲ್ಲ, ಆ ಲೈನೋಟೈಪ್ ಸಾಲನ್ನೇ ಪೇಪರಿನಲ್ಲಿ ಸುತ್ತಿ ಕೊಟ್ಟರು. ವಿಮಾನ ನಿಲ್ದಾಣದ ಎಕ್ಸ್‌ರೇ ತೆರೆಯ ಮೇಲೆ ಅದು ಕಪ್ಪು ಪಟ್ಟಿಯಾಗಿ ಮೂಡಿ ನನ್ನ ಚೀಲ ಬೇರೆ ಸಾಲಿಗೆ ಹೋಯಿತು. ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿದ. ಪತ್ರಿಕೆಯ ಅಚ್ಚು, ಹುಲ್ಲಿನ ಪೆಂಡಿ ಕಟ್ಟುವ ಯಂತ್ರದ ಜಾಹೀರಾತು ಎಂದು ವಿವರಿಸಿದೆ.

“ಯಂತ್ರ ಮಾರಾಟವಾಯಿತಾ?” ಎಂದು ಕೇಳಿ ಚೀಲಕ್ಕೆ ವಾಪಸ್ ಹಾಕಿದ. ಆಮೇಲೆ ಹೆಂಡತಿಯ ಚೀಲದಿಂದ ಚಟ್ನಿಪುಡಿಯ ಡಬ್ಬಿ ಹೊರಬಂತು. ಪುಡಿ ಎಂದ ಕೂಡಲೇ ಅವರಿಗೆ ಬೇರೆ ತಪಾಸಣೆ. ಕೈಗವಸು ಹಾಕಿಕೊಂಡು, ಬಟ್ಟೆಯ ಚೂರಿನಿಂದ ಡಬ್ಬಿಯ ಮೈಯೆಲ್ಲ ಒರೆಸಿ ಯಂತ್ರಕ್ಕೆ ತೋರಿಸಿದರು. ಮುಚ್ಚಳ ತೆರೆದದ್ದೇ ಬೆಳ್ಳುಳ್ಳಿಯ ಘಾಟಿಗೆ ಇಬ್ಬರು ಹಿಂದೆ ಸರಿದರು. ಮೇಲಧಿಕಾರಿ ಬಂದಳು. ಇದನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಗಂಭೀರವಾಗಿ ಕೇಳಿದಳು.

“ಬಿಸಿ ಅನ್ನಕ್ಕೆ. ಜೊತೆಗೆ ತುಪ್ಪ ಇದ್ದರೆ ಒಳ್ಳೆಯದು” ಎಂದಳು ನನ್ನ ಹೆಂಡತಿ.